ಹದಿನಾರು ಸಾಧನಗಳ ಪಟ್ಟಿ: ಮನೆಯ ವೈ-ಫೈ ಭದ್ರಪಡಿಸಿದ ಅನುಭವ

ಒಂದು ರಾತ್ರಿ ಕೆಲಸದ ವಿಡಿಯೊ ಸಭೆಯ ನಡುವೆ ಎದುರಿನವರ ಮುಖಗಳು ಪದೇ ಪದೇ ಸ್ತಬ್ಧವಾಗತೊಡಗಿದಾಗ, ಮನೆಯ ಇಂಟರ್ನೆಟ್ಟನ್ನು ಇಷ್ಟೊಂದು ಎಳೆದುಕೊಳ್ಳುತ್ತಿರುವವರು ಯಾರೆಂದು ನೋಡಲು ರೂಟರಿನ ಆಡಳಿತ ಪುಟವನ್ನು ತೆರೆದೆ. ರೂಟರ್ ಮನೆಗೆ ಬಂದು ನಾಲ್ಕು ವರ್ಷಗಳಾಗಿದ್ದರೂ ಆ ಪುಟವನ್ನು ನಾನು ನೋಡಿದ್ದು ಅದೇ ಮೊದಲು. ಬ್ರೌಸರಿನಲ್ಲಿ 192.168.1.1 ಎಂದು ಬರೆದೊಡನೆ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಎರಡು ಖಾಲಿ ಚೌಕಗಳು ಬಂದವು. ಏನು ಬರೆಯಬೇಕೆಂದು ತಿಳಿಯದೆ ಎರಡರಲ್ಲೂ ‘ಅಡ್ಮಿನ್’ ಎಂದು ಬರೆದೆ, ಪುಟ ತೆರೆದುಕೊಂಡಿತು. ಆ ಗಳಿಗೆಯಲ್ಲಿ ನನಗಾದದ್ದು ಸಂತೋಷ. ಅಲ್ಲಿ ಗಾಬರಿಪಡಬೇಕಾಗಿತ್ತು ಎಂಬುದು ಹೊಳೆಯಲು ಮತ್ತೆರಡು ದಿನ ಬೇಕಾಯಿತು.

ಸಂಪರ್ಕಿತ ಸಾಧನಗಳ ಪಟ್ಟಿಯಲ್ಲಿ 16 ಸಾಲುಗಳಿದ್ದವು. ಕಾಗದವೊಂದನ್ನು ಹಿಡಿದು ಮನೆಯಲ್ಲಿರುವುದನ್ನೆಲ್ಲ ಎಣಿಸಿದೆ: ಅಪ್ಪ, ಅಮ್ಮ, ತಂಗಿ ಮತ್ತು ನನ್ನ ಫೋನುಗಳು ನಾಲ್ಕು, ಲ್ಯಾಪ್‌ಟಾಪ್ ಎರಡು, ಟ್ಯಾಬ್ಲೆಟ್, ಟಿವಿ, ಪ್ರಿಂಟರ್, ತಂಗಿಯ ಗೇಮ್ ಕನ್ಸೋಲ್, ಬಾಗಿಲಿನ ಕ್ಯಾಮೆರಾ, ಸ್ಮಾರ್ಟ್ ಸ್ಪೀಕರ್, ಫೋನಿನಿಂದ ಹೊತ್ತಿಸುವ ಎರಡು ಬಲ್ಬುಗಳು. ಒಟ್ಟು 14. ಹಾಗಿದ್ದರೆ ಉಳಿದ ಎರಡು ಯಾರವು? ಒಂದಕ್ಕೆ ಹೆಸರೇ ಇರಲಿಲ್ಲ. 26:91 ಎಂದು ಆರಂಭವಾಗುವ ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ಸಂಖ್ಯೆ, ಮಾತ್ರ ಇತ್ತು. ಇನ್ನೊಂದು ಯಾವುದೋ ಟಿವಿ ಎಂದು ಹೆಸರಿನಿಂದ ತಿಳಿಯುತ್ತಿತ್ತು, ಆದರೆ ಅದು ನಮ್ಮ ಟಿವಿಯ ಕಂಪನಿಯದಲ್ಲ. ಒಂದೊಂದೇ ಸಾಧನವನ್ನು ಬಂದ್ ಮಾಡಿ ಯಾವ ಸಾಲು ಮಾಯವಾಗುತ್ತದೆಂದು ನೋಡುವ ಉಪಾಯ ಮಾಡಿದೆನಾದರೂ ಅದು ಕೈಕೊಟ್ಟಿತು. ನಮ್ಮ ರೂಟರ್ ಬಿಟ್ಟುಹೋದ ಸಾಧನವನ್ನೂ ಬಹಳ ಹೊತ್ತು ಪಟ್ಟಿಯಲ್ಲೇ ಇಟ್ಟುಕೊಳ್ಳುತ್ತದೆ ಎಂಬುದು ನನಗಾಗ ತಿಳಿದಿರಲಿಲ್ಲ. ಮನೆಯೊಳಗೆ ಕಳ್ಳನಿದ್ದಾನೆ ಎಂದೇ ತೀರ್ಮಾನಿಸಿ ಅಂದು ಮಲಗಿದೆ.

ಮರುದಿನ ಸಂಜೆ ನಾನು ಹಿಡಿದ ದಾರಿ, ಇಂಥ ಸಂದರ್ಭದಲ್ಲಿ ಬಹುತೇಕರು ಮೊದಲು ಹಿಡಿಯುವ ದಾರಿಯೇ. ಆಡಳಿತ ಪುಟದಲ್ಲಿ ಮ್ಯಾಕ್ ಫಿಲ್ಟರ್ ಎಂಬ ವಿಭಾಗವಿತ್ತು. ಪ್ರತಿಯೊಂದು ಸಾಧನದ ಜಾಲ ಚಿಪ್ಪಿಗೂ 48 ಬಿಟ್‌ಗಳ ಒಂದು ವಿಳಾಸವಿರುತ್ತದೆ, ಅದನ್ನು ನೋಡಿ ಬೇಡದವರನ್ನು ತಡೆಯಬಹುದು ಎಂಬುದು ಅದರ ಹಿಂದಿನ ತರ್ಕ. ಹೆಸರಿಲ್ಲದ ಆ 26:91 ವಿಳಾಸವನ್ನು ತಡೆಪಟ್ಟಿಗೆ ಸೇರಿಸಿ, ಗೆದ್ದವನಂತೆ ಕುರ್ಚಿಗೆ ಒರಗಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಒಳಗಿನ ಕೋಣೆಯಿಂದ ಅಪ್ಪನ ಧ್ವನಿ ಕೇಳಿಸಿತು: “ಏನೋ ಮಾಡಿದೆ? ನನ್ನ ಫೋನಿನಲ್ಲಿ ನೆಟ್ ಬರ್ತಾನೇ ಇಲ್ಲ ನೋಡು.”

ಕಳ್ಳ ಅಪ್ಪನ ಫೋನಾಗಿತ್ತು. ಈಚಿನ ಫೋನುಗಳು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವನ್ನು ಹೋದಲ್ಲೆಲ್ಲ ತೋರಿಸಿಕೊಂಡು ತಿರುಗುವುದಿಲ್ಲ. ಯಾರೂ ಜಾಡು ಹಿಡಿಯದಿರಲೆಂದು ಒಂದೊಂದು ನೆಟ್‌ವರ್ಕಿಗೂ ಒಂದೊಂದು ಕಲ್ಪಿತ ವಿಳಾಸವನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಆಂಡ್ರಾಯ್ಡ್‌ನಲ್ಲಿ 2019ರ 10ನೇ ಆವೃತ್ತಿಯಿಂದ, ಐಫೋನಿನಲ್ಲಿ 2020ರ ಐಒಎಸ್ 14ರಿಂದ ಇದು ತಾನಾಗಿಯೇ ನಡೆಯುತ್ತದೆ. ಅಪ್ಪ ಯಾವತ್ತೋ ಒಮ್ಮೆ ವೈ-ಫೈ ಕೈಕೊಟ್ಟಾಗ ನಮ್ಮ ನೆಟ್‌ವರ್ಕನ್ನು ಫೋನಿನಿಂದ ಅಳಿಸಿ ಮತ್ತೆ ಸೇರಿಸಿದ್ದರು. ಆಗ ಫೋನು ಹೊಸ ವಿಳಾಸ ಧರಿಸಿತ್ತು, ಹಳೆಯ ವಿಳಾಸದ ಸಾಲೂ ಪಟ್ಟಿಯಲ್ಲಿ ಹಾಗೆಯೇ ಉಳಿದುಕೊಂಡಿತ್ತು. ಇಂಥ ಕಲ್ಪಿತ ವಿಳಾಸವನ್ನು ಗುರುತಿಸುವ ಸುಲಭದ ಗುಟ್ಟೊಂದು ನನಗೆ ಅಂದು ತಿಳಿಯಿತು: ವಿಳಾಸದ ಎರಡನೆಯ ಸ್ಥಾನದಲ್ಲಿ 2, 6 ಅಥವಾ ಇಂಗ್ಲಿಷಿನ ಎ, ಇ ಅಕ್ಷರ ಇದ್ದರೆ ಅದು ಕಾರ್ಖಾನೆ ಕೊಟ್ಟದ್ದಲ್ಲ, ಸಾಧನವೇ ಇಟ್ಟುಕೊಂಡದ್ದು. 26ರಲ್ಲಿರುವ 6 ಮೊದಲ ದಿನವೇ ಕಣ್ಣೆದುರಿಗಿತ್ತು.

ಇಲ್ಲಿಗೆ ಮ್ಯಾಕ್ ಫಿಲ್ಟರಿನ ಮೇಲಿನ ನನ್ನ ನಂಬಿಕೆಯೂ ಹೋಯಿತು. ವೈ-ಫೈಯಲ್ಲಿ ಒಳಗಿನ ಮಾಹಿತಿ ಗೂಢಲಿಪಿಯಲ್ಲಿದ್ದರೂ ಕಳುಹಿಸುವವರ ಮತ್ತು ಪಡೆಯುವವರ ಮ್ಯಾಕ್ ವಿಳಾಸಗಳು ಲಕೋಟೆಯ ಮೇಲಿನ ಬರಹದಂತೆ ಬಯಲಿನಲ್ಲೇ ಸಾಗುತ್ತವೆ. ಹತ್ತಿರ ಕುಳಿತು ಆಲಿಸುವವನಿಗೆ ಅನುಮತಿ ಇರುವ ವಿಳಾಸ ಯಾವುದೆಂದು ನಿಮಿಷಗಳಲ್ಲಿ ತಿಳಿಯುತ್ತದೆ, ಅದನ್ನೇ ತನ್ನದೆಂದು ಹಾಕಿಕೊಳ್ಳುವುದೂ ಕಷ್ಟವಲ್ಲ. ಅಂದರೆ ಈ ಫಿಲ್ಟರ್ ತಡೆಯುವುದು ಮನೆಯವರನ್ನು ಮಾತ್ರ. ನೆಟ್‌ವರ್ಕಿನ ಹೆಸರನ್ನು ಅಡಗಿಸುವ ಇನ್ನೊಂದು ಉಪಾಯವನ್ನೂ ಅದೇ ಸಂಜೆ ಮಾಡಿ ಅದೇ ಸಂಜೆ ಬಿಟ್ಟೆ. ಹೆಸರು ಅಡಗಿಸಿದರೂ ಸಾಧನವೊಂದು ಸೇರಿಕೊಳ್ಳುವಾಗ ಆ ಹೆಸರು ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ. ಮೇಲಾಗಿ ರೂಟರ್ ತನ್ನ ಹೆಸರನ್ನು ಸಾರದಿದ್ದರೆ ಫೋನೇ ಹೋದಲ್ಲೆಲ್ಲ “ನೀನಿದ್ದೀಯಾ” ಎಂದು ಹೆಸರು ಹಿಡಿದು ಕೂಗುತ್ತ ತಿರುಗಬೇಕಾಗುತ್ತದೆ. ಮನೆಯ ಗುಟ್ಟನ್ನು ಬೀದಿಯಲ್ಲಿ ಸಾರಿದಂತಾಯಿತಲ್ಲ ಎಂದುಕೊಂಡು ಎರಡೂ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿದೆ.

ಮೂರನೆಯ ದಿನ ರಜೆ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿಕೊಂಡು, ಕಳ್ಳನ ಯೋಚನೆಯನ್ನು ಬದಿಗಿಟ್ಟು, ಆಡಳಿತ ಪುಟದ ಒಂದೊಂದು ವಿಭಾಗವನ್ನೂ ಮೊದಲಿನಿಂದ ಕೊನೆಯವರೆಗೆ ಓದತೊಡಗಿದೆ. ನಿಜವಾದ ಕೆಲಸ ಆರಂಭವಾದದ್ದು ಅಂದು.

ಮೊದಲು ಬದಲಾಯಿಸಿದ್ದು ಆಡಳಿತ ಪುಟದ ಪಾಸ್‌ವರ್ಡು. ವೈ-ಫೈ ಪಾಸ್‌ವರ್ಡು ಬೇರೆ, ಇದು ಬೇರೆ ಎಂಬ ತಿಳಿವಳಿಕೆ ನಾಲ್ಕು ವರ್ಷ ನನಗೆ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡದ್ದು ಯಾವ ಮಹಾ ಜಾಣತನದಿಂದಲೂ ಅಲ್ಲ. ಕಾರ್ಖಾನೆಯಿಂದ ಬರುವಾಗಲೇ ಇರುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿದ್ದರಿಂದ. ನಾನು ಊಹೆಯ ಮೇಲೆ ಬರೆದು ಒಳಹೊಕ್ಕ ಜೋಡಿಯೂ ಅಂಥದ್ದೇ. ಆ ವರ್ಷದ ಅಕ್ಟೋಬರ್ 21ರಂದು ಅದೇ ಸಾಧನಗಳ ಸೈನ್ಯ, ಜಾಲತಾಣಗಳ ಹೆಸರು ಹಿಡಿದು ಬಂದವರಿಗೆ ದಾರಿ ತೋರಿಸುವ ಡೈನ್ ಎಂಬ ಸಂಸ್ಥೆಯ ಸರ್ವರುಗಳ ಮೇಲೆ ಮುಗಿಬಿದ್ದಾಗ ಹಲವು ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತಾಗಿದ್ದವು.

ಅದೇ ಪುಟದ ಕೆಳಗೆ ‘ದೂರದಿಂದ ನಿರ್ವಹಣೆ’ ಎಂಬ ಸಾಲೊಂದಿತ್ತು, ಅದರ ಮುಂದಿನ ಗುಂಡಿ ಹಸಿರಾಗಿತ್ತು. ಅಂದರೆ ಈ ಆಡಳಿತ ಪುಟವನ್ನು ಮನೆಯೊಳಗಿನಿಂದ ಮಾತ್ರವಲ್ಲ, ಇಂಟರ್ನೆಟ್ಟಿನ ಯಾವ ಮೂಲೆಯಿಂದಲೂ ತೆರೆಯಬಹುದಾಗಿತ್ತು. ಯಾವಾಗ, ಯಾರು ಅದನ್ನು ಚಾಲೂ ಮಾಡಿದ್ದರೋ. ಅಳವಡಿಸಲು ಬಂದವರು ತಮ್ಮ ಅನುಕೂಲಕ್ಕೆ ಮಾಡಿ ಮರೆತಿರಲೂಬಹುದು. ಈ ಗುಂಡಿ ಮತ್ತು ‘ಅಡ್ಮಿನ್’ ಎಂಬ ಪಾಸ್‌ವರ್ಡು ನಾಲ್ಕು ವರ್ಷ ಒಟ್ಟಿಗೇ ಇದ್ದವು ಎಂಬುದನ್ನು ಮನಸ್ಸಿಗೆ ತಂದುಕೊಂಡಾಗ ಬೆನ್ನಿನಲ್ಲಿ ಚಳಿ ಹುಟ್ಟಿತು. ಎರಡು ರಾತ್ರಿ ನಾನು ಕಾವಲಿದ್ದದ್ದು ಗೋಡೆಯ ಪಕ್ಕದಲ್ಲಿ, ಬಾಗಿಲು ತೆರೆದಿದ್ದದ್ದು ಮತ್ತೊಂದು ಕಡೆ. 2016ರ ನವೆಂಬರಿನಲ್ಲಿ ಜರ್ಮನಿಯ ದೂರಸಂಪರ್ಕ ಕಂಪನಿಯೊಂದರ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಒಂದೇ ಸಲಕ್ಕೆ ಕೆಟ್ಟದ್ದೂ, ನಿರ್ವಹಣೆಗೆಂದು ರೂಟರುಗಳಲ್ಲಿ ಹೊರಮುಖವಾಗಿ ತೆರೆದಿಟ್ಟ ಇಂಥದೇ ಒಂದು ದ್ವಾರದ ಮೇಲೆ ನಡೆದ ದಾಳಿಯಿಂದ. ಗುಂಡಿಯನ್ನು ಬಂದ್ ಮಾಡಿದೆ. ಯಾರಾದರೂ ಒಳಬಂದು ಡಿಎನ್‌ಎಸ್ ವಿಳಾಸವನ್ನು, ಅಂದರೆ ಜಾಲತಾಣದ ಹೆಸರು ಕೊಟ್ಟರೆ ಅದಿರುವ ಜಾಗ ಹೇಳುವ ಸರ್ವರಿನ ವಿಳಾಸವನ್ನು, ತಿರುಚಿದ್ದರೆ ನಾವು ಬ್ಯಾಂಕಿನ ಹೆಸರು ಬರೆದರೂ ಬೇರೆಲ್ಲೋ ಹೋಗಿ ಇಳಿಯಬಹುದಾದ್ದರಿಂದ ಅದನ್ನೂ ನೋಡಿದೆ; ಸೇವೆ ಒದಗಿಸುವವರು ಕೊಟ್ಟ ವಿಳಾಸವೇ ಇತ್ತು.

ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ಮೂಲ ತಂತ್ರಾಂಶ, ಪೆಟ್ಟಿಗೆಯಿಂದ ಬಂದ ದಿನದ್ದೇ ಆಗಿತ್ತು. ತಯಾರಕರ ತಾಣದಲ್ಲಿ ನಮ್ಮ ಮಾದರಿಗೆ ಅಲ್ಲಿಂದೀಚೆಗೆ ಐದು ಆವೃತ್ತಿಗಳು ಬಂದಿದ್ದವು. ಮಾದರಿಯ ಸಂಖ್ಯೆಯ ಜೊತೆಗೆ ಯಂತ್ರಾಂಶದ ಆವೃತ್ತಿಯೂ ತಾಳೆಯಾಗಬೇಕು, ಇಲ್ಲವಾದರೆ ರೂಟರ್ ಕೆಲಸಕ್ಕೆ ಬಾರದಂತಾಗಬಹುದು ಎಂಬ ಎಚ್ಚರಿಕೆಯಿದ್ದುದರಿಂದ ರೂಟರನ್ನು ಮಗುಚಿ, ತಳದ ಚೀಟಿಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಇರುವೆಯಂಥ ಅಕ್ಷರಗಳನ್ನು ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದಿಕೊಂಡೆ. ನವೀಕರಣಕ್ಕೆ ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಯಾರೂ ಸ್ವಿಚ್ ಮುಟ್ಟದಂತೆ ನೋಡಿಕೊಂಡದ್ದೇ ಅದರ ಕಷ್ಟ.

ಆ ಚೀಟಿಯ ಮೇಲೆ ಎಂಟು ಅಂಕಿಗಳ ಒಂದು ಪಿನ್ ಕೂಡ ಇತ್ತು. ಅದು ಡಬ್ಲ್ಯುಪಿಎಸ್ ಎಂಬ ಸೌಲಭ್ಯದ್ದು: ಉದ್ದದ ಪಾಸ್‌ವರ್ಡ್ ಬರೆಯುವ ಬದಲು ಈ ಪಿನ್ ಕೊಟ್ಟು ಅಥವಾ ರೂಟರಿನ ಗುಂಡಿಯೊಂದನ್ನು ಒತ್ತಿ ಸಾಧನವನ್ನು ಸೇರಿಸಬಹುದು. ಎಂಟು ಅಂಕಿಗಳೆಂದರೆ 10 ಕೋಟಿ ಸಾಧ್ಯತೆಗಳಲ್ಲವೇ, ಸಾಲದೇ ಎನಿಸುತ್ತದೆ. ಆದರೆ 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ಫೀಬೋಕ್ ಎಂಬ ಸಂಶೋಧಕರು ಇದರ ಟೊಳ್ಳನ್ನು ಬಯಲಿಗಿಟ್ಟರು. ಕೊನೆಯ ಅಂಕಿ ಉಳಿದ ಏಳರ ಲೆಕ್ಕದಿಂದಲೇ ಬರುವಂಥದ್ದು. ಅದಕ್ಕಿಂತ ಮುಖ್ಯವಾಗಿ, ರೂಟರ್ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ಹೀಗಾಗಿ ಮೊದಲ ತುಂಡಿಗೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಪ್ರಯತ್ನಗಳಲ್ಲಿ ಯಾವ ಪಿನ್ನಾದರೂ ಸಿಕ್ಕಿಯೇ ಸಿಗುತ್ತದೆ. ಪಿನ್ ಸಿಕ್ಕರೆ ವೈ-ಫೈ ಪಾಸ್‌ವರ್ಡನ್ನು ರೂಟರೇ ಒಪ್ಪಿಸುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು. ಹೊಸ ರೂಟರುಗಳು ಕೆಲವು ತಪ್ಪು ಪ್ರಯತ್ನಗಳ ನಂತರ ಬಾಗಿಲು ಮುಚ್ಚಿಕೊಳ್ಳುತ್ತವೆ ಎಂಬುದು ನಿಜ, ಆದರೂ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಳಸದ ಸೌಲಭ್ಯವನ್ನು ಉಳಿಸಿಕೊಳ್ಳಲು ನನಗೆ ಕಾರಣ ಕಾಣಲಿಲ್ಲ. ಅದನ್ನು ಬಂದ್ ಮಾಡಿದ ಮೇಲೆ, ಸುತ್ತಲಿನ ನೆಟ್‌ವರ್ಕುಗಳ ವಿವರ ತೋರಿಸುವ ಆ್ಯಪ್ ಒಂದರಲ್ಲಿ ನಮ್ಮ ಹೆಸರಿನ ಮುಂದಿನ ಡಬ್ಲ್ಯುಪಿಎಸ್ ಗುರುತು ಹೋಗಿದೆಯೇ ಎಂದು ಖಚಿತಪಡಿಸಿಕೊಂಡೆ.

ಇನ್ನು ಗೂಢಲಿಪಿಯ ವಿಷಯ. ನಮ್ಮ ರೂಟರಿನಲ್ಲಿ ಇದ್ದದ್ದು ಡಬ್ಲ್ಯುಪಿಎ ಮತ್ತು ಡಬ್ಲ್ಯುಪಿಎ2 ಎಂಬ ಎರಡು ಭದ್ರತಾ ಪದ್ಧತಿಗಳಿಗೂ ಅವಕಾಶವಿರುವ ಮಿಶ್ರ ವಿಧಾನ. ಆಯ್ಕೆಗಳ ಪಟ್ಟಿಯನ್ನು ಕೆಳಗೆಳೆದರೆ ವೈ-ಫೈಯ ಇತಿಹಾಸವೇ ಅಲ್ಲಿ ಪದರ ಪದರವಾಗಿ ಕುಳಿತಿತ್ತು. ಎಲ್ಲಕ್ಕೂ ಹಳೆಯದಾದ ಡಬ್ಲ್ಯುಇಪಿಯಲ್ಲಿ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ಮಾಹಿತಿಯ ಪ್ರತಿ ತುಣುಕಿಗೂ, ಬದಲಾಗಬೇಕಾದ ಸಂಖ್ಯೆಗೆ ಕೇವಲ 24 ಬಿಟ್ ಜಾಗ, 1.67 ಕೋಟಿ ಪ್ಯಾಕೆಟ್ಟುಗಳಾದ ಮೇಲೆ ಅದು ಮರುಕಳಿಸಲೇಬೇಕು, ದಟ್ಟಣೆಯ ನೆಟ್‌ವರ್ಕಿನಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಡ. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಅವರ ಪ್ರಬಂಧ ಅದರ ಮೂಲದಲ್ಲೇ ಇದ್ದ ದೋಷವನ್ನು ತೋರಿಸಿದ ಮೇಲೆ ಅದರ ಕಥೆ ಮುಗಿಯಿತು. ಹಳೆಯ ಯಂತ್ರಗಳಲ್ಲೇ ಓಡಬೇಕೆಂದು 2003ರಲ್ಲಿ ತಂದ ತೇಪೆಯೇ ಡಬ್ಲ್ಯುಪಿಎ, ಅದರ ಟಿಕೆಐಪಿ ಎಂಬ ಗೂಢಲಿಪಿ ವಿಧಾನ. 2004ರಲ್ಲಿ ಎಇಎಸ್ ಎಂಬ ಗಟ್ಟಿಯಾದ ಗೂಢಲಿಪಿಯ ಆಧಾರದ ಡಬ್ಲ್ಯುಪಿಎ2 ಬಂತು. ಮಿಶ್ರ ವಿಧಾನ ಎಂದರೆ 2003ರ ಆ ತೇಪೆಯೂ ನಮ್ಮ ಮನೆಯಲ್ಲಿ ಇನ್ನೂ ಜೀವಂತವಾಗಿತ್ತು ಎಂದರ್ಥ. ನವೀಕರಿಸಿದ ಫರ್ಮ್‌ವೇರಿನ ಕೃಪೆಯಿಂದ ಪಟ್ಟಿಯ ಕೊನೆಗೆ, 2018ರಲ್ಲಿ ಬಂದ ಡಬ್ಲ್ಯುಪಿಎ3 ಕೂಡ ಹೊಸದಾಗಿ ಸೇರಿಕೊಂಡಿತ್ತು.

ಇವುಗಳ ವ್ಯತ್ಯಾಸ ನನಗೆ ಮನದಟ್ಟಾದದ್ದು ನಮ್ಮ ಹಳೆಯ ಪಾಸ್‌ವರ್ಡಿನ ಲೆಕ್ಕ ಹಾಕಿದಾಗ. ಅದು ಅಪ್ಪನ ಹತ್ತು ಅಂಕಿಗಳ ದೂರವಾಣಿ ಸಂಖ್ಯೆಯಾಗಿತ್ತು. ಡಬ್ಲ್ಯುಪಿಎ2ರಲ್ಲಿ ಸಾಧನ ಮತ್ತು ರೂಟರ್ ಸೇರಿಕೊಳ್ಳುವಾಗ ನಡೆಯುವ ನಾಲ್ಕು ಹಂತಗಳ ಮಾತುಕತೆಯನ್ನು ಯಾರಾದರೂ ಒಮ್ಮೆ ಹಿಡಿದಿಟ್ಟುಕೊಂಡರೆ ಸಾಕು, ಆಮೇಲೆ ಅವರು ನಮ್ಮ ಮನೆಯ ಬಳಿ ಇರಬೇಕಾಗಿಯೇ ಇಲ್ಲ. ತಮ್ಮ ಕಂಪ್ಯೂಟರಿನಲ್ಲಿ ಬೇಕಾದಷ್ಟು ಪಾಸ್‌ವರ್ಡುಗಳನ್ನು ಊಹಿಸಿ ತಾಳೆ ನೋಡುತ್ತ ಕೂರಬಹುದು. ಪ್ರತಿ ಊಹೆಗೂ ಪಾಸ್‌ವರ್ಡನ್ನು ನೆಟ್‌ವರ್ಕಿನ ಹೆಸರಿನೊಡನೆ ಬೆರೆಸಿ 4,096 ಬಾರಿ ಕಡೆಯಬೇಕಾದದ್ದು ಅವರನ್ನು ನಿಧಾನಗೊಳಿಸುತ್ತದೆ, ನಿಜ. ಹಾಗಿದ್ದರೂ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಬಲ್ಲ ಯಂತ್ರವೊಂದಿದೆ ಎಂದುಕೊಂಡರೆ, ಹತ್ತು ಅಂಕಿಗಳ 1,000 ಕೋಟಿ ಸಂಖ್ಯೆಗಳನ್ನೂ ಅದು 10,000 ಸೆಕೆಂಡುಗಳಲ್ಲಿ, ಅಂದರೆ ಮೂರು ಗಂಟೆಯೊಳಗೆ ಮುಗಿಸುತ್ತದೆ. ಅಪ್ಪನ ಸಂಖ್ಯೆ ಗೊತ್ತಿರುವವರಿಗಂತೂ ಒಂದೇ ಊಹೆ ಸಾಕು. ಡಬ್ಲ್ಯುಪಿಎ3ರಲ್ಲಿ ಹೀಗೆ ಮನೆಗೊಯ್ದು ಊಹಿಸುವ ಅವಕಾಶವಿಲ್ಲ. ಪ್ರತಿಯೊಂದು ಊಹೆಗೂ ರೂಟರಿನೊಡನೆ ಹೊಸದಾಗಿ ಮಾತನಾಡಬೇಕು.

ಹೊಸ ಪಾಸ್‌ವರ್ಡನ್ನು ತಲೆಯಿಂದ ಹುಟ್ಟಿಸಬಾರದು, ದಾಳಗಳಿಂದ ಹುಟ್ಟಿಸಬೇಕು ಎಂದು ನಿರ್ಧರಿಸಿದೆ. ಮನುಷ್ಯ ಮನಸ್ಸಿಗೆ ತೋಚಿದ್ದನ್ನು ಬರೆದಾಗ ಅದು ಊಹಿಸುವವನ ಮನಸ್ಸಿಗೂ ತೋಚುವಂಥದ್ದೇ ಆಗಿರುತ್ತದೆ. ಐದು ದಾಳಗಳನ್ನೆಸೆದು 7,776 ಪದಗಳ ಪಟ್ಟಿಯಿಂದ ಪದ ಆರಿಸುವ ಪದ್ಧತಿ ಹಳೆಯದು, ಆದರೆ ಸಿಕ್ಕ ಪಟ್ಟಿಗಳು ಇಂಗ್ಲಿಷಿನವು, ಅಮ್ಮನಿಗೆ ನೆನಪಿನಲ್ಲಿ ಉಳಿಯುವಂಥವಲ್ಲ. ಮನೆಯಲ್ಲಿದ್ದ 1,300ಕ್ಕೂ ಹೆಚ್ಚು ಪುಟಗಳ ಕನ್ನಡ ನಿಘಂಟನ್ನೇ ಪಟ್ಟಿಯಾಗಿ ಮಾಡಿಕೊಂಡೆ. ನಾಲ್ಕು ಎಸೆತಗಳಿಂದ ಪುಟ, ಐದನೆಯದರಿಂದ ಆ ಪುಟದ ಮೊದಲ ಆರು ಪದಗಳಲ್ಲಿ ಒಂದು. ಮೊದಲ ಸರದಿಯಲ್ಲಿ 3, 5, 2, 6 ಬಿದ್ದವು: ಮೊದಲ ಮೂರರಲ್ಲಿ ಒಂದೊಂದು ಕಳೆದು, 2ನ್ನು 216ರಿಂದ, 4ನ್ನು 36ರಿಂದ, 1ನ್ನು 6ರಿಂದ ಗುಣಿಸಿ, ಕೊನೆಯ 6ನ್ನು ಕೂಡಿಸಿದರೆ 588. ಆ ಪುಟ ತೆಗೆದು ಐದನೆಯ ಎಸೆತ ಹೇಳಿದ ಪದ ನೋಡಿದರೆ ಮನೆಯಲ್ಲಿ ಯಾರೂ ಕೇಳಿರದ ಹಳಗನ್ನಡದ್ದು. ತಂಗಿ “ಬೇರೆ ಹಾಕಣ್ಣ, ಇದು ಚೆನ್ನಾಗಿಲ್ಲ” ಎಂದಳು. ಚೆನ್ನಾಗಿರುವುದನ್ನೇ ಆರಿಸತೊಡಗಿದರೆ ದಾಳ ಎಸೆದದ್ದು ವ್ಯರ್ಥ ಎಂದು ವಾದಿಸಿ ಅದನ್ನೇ ಉಳಿಸಿದೆ. ಈಗ ಆ ಪದ ನಮ್ಮ ಮನೆಯಲ್ಲಿ ಬೈಗುಳವಾಗಿ ಬಳಕೆಯಲ್ಲಿದೆ. ಹೀಗೆ ಐದು ಪದಗಳಾದವು. ಸೆಕೆಂಡಿಗೆ ಹತ್ತು ಲಕ್ಷ ಊಹಿಸುವ ಅದೇ ಯಂತ್ರಕ್ಕೆ ಇವೆಲ್ಲ ಸಾಧ್ಯತೆಗಳನ್ನು ಮುಗಿಸಲು ಸುಮಾರು 9 ಲಕ್ಷ ವರ್ಷ ಬೇಕು.

ಲೆಕ್ಕದಲ್ಲಿ ಬಾರದ ತೊಡಕೊಂದು ಆಮೇಲೆ ಬಂತು. ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗಿದ್ದರಿಂದ ದೀರ್ಘ ಸ್ವರಕ್ಕೆ ಒಂದು ‘ಎ’ಯೋ ಎರಡು ‘ಎ’ಯೋ, ‘ಳ’ವನ್ನು ‘ಲ’ದಂತೆಯೇ ಬರೆಯುವುದೋ ಬೇರೆಯೋ ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಕೊನೆಗೆ ಅಮ್ಮ ಸಂದೇಶಗಳಲ್ಲಿ ಹೇಗೆ ಬರೆಯುತ್ತಾಳೋ ಅದೇ ನಮ್ಮ ವ್ಯಾಕರಣವಾಯಿತು. ಐದೂ ಪದಗಳನ್ನು ಕಾಗದದ ಮೇಲೆ ದಪ್ಪಗೆ ಬರೆದು ನಿಘಂಟಿನೊಳಗೇ ಇಟ್ಟಿದ್ದೇನೆ. ಪಾಸ್‌ವರ್ಡ್ ಬರೆದಿಡಬಾರದು ಎಂಬ ಉಪದೇಶವನ್ನು ನಾನೂ ಕೇಳಿದ್ದೇನೆ, ಆದರೆ ಮನೆಯ ಕಪಾಟಿನೊಳಗಿನ ಕಾಗದವನ್ನು ಓದಬಲ್ಲವನು ಆಗಲೇ ಮನೆಯೊಳಗಿರುತ್ತಾನೆ. ಅವನಿಗೆ ವೈ-ಫೈ ದೊಡ್ಡ ವಿಷಯವಲ್ಲ. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡನ್ನು ಬೆರೆಸುವ ಆ ಲೆಕ್ಕದಲ್ಲಿ ನೆಟ್‌ವರ್ಕಿನ ಹೆಸರೂ ಸೇರುವುದರಿಂದ, ಎಲ್ಲರ ಮನೆಯಲ್ಲೂ ಇರುವಂಥ ಸಿದ್ಧ ಹೆಸರುಗಳಿಗೆ ಮೊದಲೇ ಕಡೆದಿಟ್ಟ ಕೋಷ್ಟಕಗಳು ಸಿಗುತ್ತವೆ ಎಂದು ತಿಳಿದು ಹೆಸರನ್ನೂ ಬದಲಿಸಿದೆ. ಹಳೆಯ ಹೆಸರಿನಲ್ಲಿ ನಮ್ಮ ಮನೆತನದ ಹೆಸರಿತ್ತು. ಯಾವ ಸಂಕೇತ ಯಾರ ಮನೆಯದೆಂದು ಸುತ್ತಲಿನವರಿಗೆಲ್ಲ ಹೇಳಬೇಕಾದ ಅಗತ್ಯವೇನೂ ಇರಲಿಲ್ಲ.

ಒಮ್ಮೆಗೇ ಡಬ್ಲ್ಯುಪಿಎ3 ಮಾತ್ರ ಇರಲಿ ಎಂಬ ಉತ್ಸಾಹದಲ್ಲಿ ಉಳಿಸು ಎಂಬುದನ್ನು ಒತ್ತಿದೆ. ಫೋನುಗಳೂ ಲ್ಯಾಪ್‌ಟಾಪುಗಳೂ ಕನ್ಸೋಲೂ ಸೇರಿಕೊಂಡವು. ಟ್ಯಾಬ್ಲೆಟ್, ಟಿವಿ, ಪ್ರಿಂಟರ್, ಬಲ್ಬುಗಳು, ಸ್ಪೀಕರ್, ಕ್ಯಾಮೆರಾ ಯಾವುದೂ ಸೇರಲಿಲ್ಲ. ಹಳೆಯದು ಹೊಸದು ಎರಡನ್ನೂ ಒಪ್ಪುವ ಹೊಂದಾಣಿಕೆಯ ವಿಧಾನವೊಂದಿತ್ತು, ಅದರಲ್ಲೂ ಬಲ್ಬುಗಳು ಮುನಿಸಿಕೊಂಡೇ ಇದ್ದವು. ಹಾಗಾಗಿ ಮನೆಯನ್ನೇ ಎರಡು ಭಾಗ ಮಾಡಿದೆ. ಮುಖ್ಯ ನೆಟ್‌ವರ್ಕ್ ಡಬ್ಲ್ಯುಪಿಎ3 ಮಾತ್ರ, ಅದು ನಮ್ಮ ದುಡ್ಡು, ಚಿತ್ರ, ಕಾಗದಪತ್ರಗಳಿರುವ ಸಾಧನಗಳಿಗೆ. ಉಳಿದವಕ್ಕೆ ಗೆಸ್ಟ್ ನೆಟ್‌ವರ್ಕ್, 2.4 ಗಿಗಾಹರ್ಟ್ಸ್‌ನಲ್ಲಿ, ಎಇಎಸ್ ಮಾತ್ರವಿರುವ ಡಬ್ಲ್ಯುಪಿಎ2ರೊಂದಿಗೆ, ಬೇರೆಯದೇ ಐದು ಪದಗಳ ಪಾಸ್‌ವರ್ಡಿನೊಂದಿಗೆ. ಅಲ್ಲಿರುವವು ಇಂಟರ್ನೆಟ್ಟಿಗೆ ಹೋಗಬಹುದು, ಮುಖ್ಯ ನೆಟ್‌ವರ್ಕಿನ ಕಡೆ ತಲೆಹಾಕುವಂತಿಲ್ಲ. ಬಲ್ಬಿನೊಳಗಿನ ತಂತ್ರಾಂಶದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಅದು ನನ್ನ ಲ್ಯಾಪ್‌ಟಾಪಿನ ಪಕ್ಕ ಕೂರದಿದ್ದರೆ ಅಷ್ಟು ಸಾಕು.

ಈ ವಿಭಜನೆಯ ಮೊದಲ ಬಲಿ ಪ್ರಿಂಟರ್. ಮರುದಿನ ಬೆಳಿಗ್ಗೆ ಅಪ್ಪ ಅರ್ಜಿಯೊಂದನ್ನು ಮುದ್ರಿಸಲು ಹೋದರೆ ಪ್ರಿಂಟರೇ ಕಾಣಿಸುತ್ತಿಲ್ಲ. ಅವರ ಫೋನು ಒಂದು ಕಡೆ, ಪ್ರಿಂಟರ್ ಇನ್ನೊಂದು ಕಡೆ. ಅದರ ಪುಟ್ಟ ಪರದೆಯಲ್ಲಿ ಬಾಣದ ಗುಂಡಿಗಳನ್ನು ಒತ್ತುತ್ತ ಒಂದೊಂದೇ ಅಕ್ಷರ ಹುಡುಕಿ ಮೂವತ್ತು ಅಕ್ಷರಗಳ ಗೆಸ್ಟ್ ಪಾಸ್‌ವರ್ಡನ್ನು ಹಿಂದಿನ ರಾತ್ರಿ ತುಂಬಿದ್ದು ನೆನಪಾಗಿ ಅಳು ಬರುವುದೊಂದು ಬಾಕಿ. ಕೊನೆಗೆ ಅದನ್ನು ಕೇಬಲ್ಲಿನಿಂದ ರೂಟರಿನ ಹಿಂಬದಿಗೆ ಜೋಡಿಸಿದೆ. ಹಾಗೆ ಅದು ಮುಖ್ಯ ನೆಟ್‌ವರ್ಕಿಗೇ ಸೇರಿದಂತಾಯಿತು, ಆದರ್ಶ ವ್ಯವಸ್ಥೆಯಲ್ಲ. ಆದರೆ ಮುದ್ರಿಸಬೇಕಾದಾಗಲೆಲ್ಲ ನೆಟ್‌ವರ್ಕ್ ಬದಲಿಸಿ ಎಂದು ಅಪ್ಪನಿಗೆ ಹೇಳಿದರೆ ಒಂದು ವಾರದೊಳಗೆ ಎಲ್ಲವೂ ಗೆಸ್ಟ್ ನೆಟ್‌ವರ್ಕಿನಲ್ಲೇ ಇರುತ್ತಿತ್ತು.

ಎರಡನೆಯ ಅಪರಿಚಿತ, ಆ ಟಿವಿ, ಯಾರದೆಂದು ತಿಳಿದದ್ದು ಅಂದು ಸಂಜೆ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಬಹಳ ಸಂಕೋಚದಿಂದ “ನಿನ್ನೆಯಿಂದ ನಮ್ಮ ಟಿವಿ ಓಡ್ತಿಲ್ಲ, ನಿಮ್ಮಲ್ಲಿ ನೆಟ್ ಸರಿ ಇದೆಯಾ?” ಎಂದು ಅಮ್ಮನನ್ನು ಕೇಳಿದರು. ನಾನು ಅಮ್ಮನ ಮುಖ ನೋಡಿದೆ. “ಅವರ ಕಡೆ ಕೆಟ್ಟಿದ್ದಾಗ ನಾನೇ ಕೊಟ್ಟಿದ್ದೆ ಕಣೋ, ಎರಡು ವರ್ಷವಾಯಿತೇನೋ,” ಎಂದಳು ಅಮ್ಮ. ಅವರ ಸಂಪರ್ಕ ಎಂದೋ ಸರಿಯಾಗಿತ್ತು. ಟಿವಿ ಮಾತ್ರ ನೆನಪಿಟ್ಟುಕೊಂಡ ನೆಟ್‌ವರ್ಕಿಗೇ ಪ್ರತಿದಿನ ಬಂದು ಸೇರುತ್ತಿತ್ತು, ಅವರಿಗೂ ಅದು ತಿಳಿದಿರಲಿಲ್ಲ. ನಾನೇ ಹೋಗಿ ಟಿವಿಯನ್ನು ಅವರ ಸ್ವಂತ ವೈ-ಫೈಗೆ ಸೇರಿಸಿಕೊಟ್ಟು ಬಂದೆ. ಬರುವಾಗ ಅವರ ರೂಟರಿನ ತಳದ ಚೀಟಿಯತ್ತ ಕಣ್ಣು ಹೋಯಿತು, ಆದರೆ ಅವರು ಕೇಳಿರಲಿಲ್ಲವಾದ್ದರಿಂದ ಏನೂ ಹೇಳಲಿಲ್ಲ.

ಕೊನೆಯದಾಗಿ ಉಳಿದದ್ದು ಯುಪಿಎನ್‌ಪಿ. ಮನೆಯೊಳಗಿನ ಸಾಧನವೊಂದು ಯಾರನ್ನೂ ಕೇಳದೆ ರೂಟರಿಗೆ ಹೇಳಿ ಹೊರಗಿನಿಂದ ತನ್ನವರೆಗೆ ದಾರಿ ಮಾಡಿಸಿಕೊಳ್ಳಲು ಇದು ಅವಕಾಶ ಕೊಡುತ್ತದೆ. ಅದರ ಕೋಷ್ಟಕದಲ್ಲಿ ಎರಡು ಸಾಲುಗಳಿದ್ದವು: ಒಂದು ಗೇಮ್ ಕನ್ಸೋಲಿನದು, ಇನ್ನೊಂದು ಬಾಗಿಲಿನ ಕ್ಯಾಮೆರಾದ್ದು. ಕ್ಯಾಮೆರಾದ ತಯಾರಕರು ಅದಕ್ಕೆ ಮೂರು ವರ್ಷಗಳಿಂದ ಒಂದೇ ಒಂದು ನವೀಕರಣವನ್ನೂ ಕೊಟ್ಟಿರಲಿಲ್ಲ. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ಡಬ್ಲ್ಯುಪಿಎ2ರ ಆ ನಾಲ್ಕು ಹಂತಗಳ ಮಾತುಕತೆಯಲ್ಲೇ ‘ಕ್ರ್ಯಾಕ್’ ಎಂಬ ದೋಷವನ್ನು ತೋರಿಸಿದಾಗ ಅದಕ್ಕೆ ಮದ್ದಾಗಿ ಬಂದದ್ದು ಹೊಸ ಪಾಸ್‌ವರ್ಡಲ್ಲ, ಪ್ರತಿ ಸಾಧನಕ್ಕೂ ಬೇಕಾದ ತಂತ್ರಾಂಶದ ತಿದ್ದುಪಡಿ. ತಿದ್ದುಪಡಿಯೇ ಬಾರದ ಸಾಧನವನ್ನು ಬಾಗಿಲ ಕಾವಲಿಗೆ ನಿಲ್ಲಿಸಿ, ಹೊರಗಿನಿಂದ ಅದರವರೆಗೆ ದಾರಿಯನ್ನೂ ತೆರೆದಿಡುವುದು ನನಗೆ ತಮಾಷೆಯಾಗಿ ಕಂಡಿತು. ಕ್ಯಾಮೆರಾವನ್ನು ಕಳಚಿ ಮೇಜಿನ ಖಾನೆಯೊಳಗಿಟ್ಟೆ, ಯುಪಿಎನ್‌ಪಿಯನ್ನು ಬಂದ್ ಮಾಡಿದೆ. ತಂಗಿಯ ಆಟ ಎರಡು ದಿನ ಗೊಣಗಿತು. ಅದಕ್ಕೆ ಬೇಕಾದ ಒಂದೇ ಪೋರ್ಟನ್ನು, ಅಂದರೆ ದ್ವಾರವನ್ನು, ಕೈಯಾರೆ ತೆರೆದುಕೊಟ್ಟ ಮೇಲೆ ಸುಮ್ಮನಾಯಿತು. ವಿಡಿಯೊ ಸಭೆ ನಿಲ್ಲುತ್ತಿದ್ದದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಎತ್ತರದ ಕಪಾಟಿನ ಮೇಲಿಟ್ಟ ದಿನ ಅದು ಸರಿಹೋಯಿತು.

ಈಗ ಪಟ್ಟಿಯಲ್ಲಿ 13 ಸಾಲುಗಳಿವೆ, ಪ್ರತಿಯೊಂದಕ್ಕೂ ನಾನೇ ಕನ್ನಡದಲ್ಲಿ ಹೆಸರು ಕೊಟ್ಟಿದ್ದೇನೆ. ಹೋದ ವಾರ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಲು ಲಾಗಿನ್ ಆದಾಗ ಹದಿನಾಲ್ಕನೆಯ ಸಾಲೊಂದು ಹೆಸರಿಲ್ಲದೆ ನಿಂತಿತ್ತು. ವಿಳಾಸದ ಎರಡನೆಯ ಸ್ಥಾನ ನೋಡಿದೆ: ‘ಇ’. ಎದ್ದು ಒಳಗಿನ ಕೋಣೆಗೆ ಹೋಗಿ, “ಅಪ್ಪ, ವೈ-ಫೈಯನ್ನು ಮತ್ತೆ ಅಳಿಸಿ ಸೇರಿಸಿದಿರಾ?” ಎಂದು ಕೇಳಿದೆ. ಇಲ್ಲ ಎಂದರು. ಅಡುಗೆಮನೆಯಿಂದ ಅಮ್ಮ, “ನಾನು ಕಣೋ, ಯಾಕೆ?” ಎಂದಳು. ಅವಳ ಫೋನಿನಲ್ಲಿ ವೈ-ಫೈ ವಿವರ ತೆರೆದು ಹನ್ನೆರಡೂ ಅಕ್ಷರಗಳನ್ನು ತಾಳೆ ನೋಡಿ, ಬಂದು ಆ ಸಾಲಿಗೆ ‘ಅಮ್ಮನ ಫೋನ್’ ಎಂದು ಬರೆದು, ಹಳೆಯ ಸಾಲನ್ನು ಅಳಿಸಿದೆ.